ಶಿತಿಕಂಠಯ್ಯನವರ ಹಿಟ್ಟುತಿಗಣೆ ದಿಗ್ವಿಜಯ

ಯಾವ ಯುಗದಲ್ಲಿ ಹಾಲು ಕೆಚ್ಚಲನ್ನು ತೊರೆದು ಪ್ಯಾಕೆಟ್ಟನ್ನು ಸೇರಿತ್ತೋ, ಯಾವ ಯುಗದಲ್ಲಿ ಅಂಗಳವು ನೆಲದ ಋಣ ಹರಿದುಕೊಂಡು ಮೊದಲ ಮಹಡಿಗೇರಿ ಬಾಲ್ಕನಿಯೆಂಬ ಬಿರುದನ್ನು ಧರಿಸಿತ್ತೋ, ಯಾವ ಯುಗದಲ್ಲಿ ನಂದನವನವೆಂಬುದು ಕೆಲವು ಕುಂಡಗಳಿಗೂ ಒಂದು ಒಡಕು ಬಕೆಟ್ಟಿಗೂ ಸಂಕ್ಷೇಪಗೊಂಡಿತ್ತೋ, ಆ ಯುಗದ ಮಹಾವೀರನೊಬ್ಬನ ಕಥೆಯಿದು. ಎಲೈ ವಾಗ್ದೇವಿಯೇ, ಬಂದು ನನ್ನ ಲೇಖನಿಯ ತುದಿಯಲ್ಲಿ ನಿಲ್ಲು. ಉತ್ಪ್ರೇಕ್ಷೆಯನ್ನು ಧಾರಾಳವಾಗಿ ಕರುಣಿಸು. ಆದರೆ ಹುಳದ ವಿಷಯದಲ್ಲಿ ಮಾತ್ರ ಒಂದಕ್ಷರ ಸುಳ್ಳು ಬರೆಸಬೇಡ. ಓದುಗರ ಮನೆಯಲ್ಲೂ ಗಿಡಗಳಿವೆ.

ಮೈಸೂರಿನ ಸರಸ್ವತೀಪುರದಲ್ಲಿ, ಎದುರುಮನೆಯ ನೀರಿನ ಟ್ಯಾಂಕು ಅಡ್ಡ ಬಾರದಿದ್ದರೆ ಚಾಮುಂಡಿ ಬೆಟ್ಟವು ನಿಶ್ಚಯವಾಗಿ ಕಾಣಿಸುತ್ತಿದ್ದ ಬಾಲ್ಕನಿಯೊಂದರ ಅಧಿಪತಿ ಶಿತಿಕಂಠಯ್ಯನವರು. ಮಂದಗತಿಮಾಪಕಮರ್ದನ, ಸ್ತಬ್ಧಚಕ್ರಸಂಚಾಲಕ, ಸಹಸ್ರಗೃಹದ್ವಾರಘಂಟಾತಾಡನವಿಶಾರದ. ಅಂದರೆ, ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಮೀಟರ್ ಪರೀಕ್ಷಕರು. ಎಡ ಮೊಣಕಾಲಿನಲ್ಲಿ ನೋವು. ಗಿಡಗಳ ಬಗ್ಗೆ ಅವರಿಗಿದ್ದ ಜ್ಞಾನವು ಪರಬ್ರಹ್ಮನಂತೆ ನಿರ್ಗುಣವೂ ನಿರಾಕಾರವೂ ಆಗಿತ್ತು: ಹಸಿರಾಗಿದ್ದರೆ ಗಿಡ, ಇಲ್ಲದಿದ್ದರೆ ಕಡ್ಡಿ.

ಇಂಥವರ ಕೈಗೆ ಒಂದು ಶ್ರಾವಣದ ಬೆಳಿಗ್ಗೆ ರಾಜ್ಯಭಾರ ಬಂತು. ಸಹಧರ್ಮಿಣಿ ಭಾಗೀರಥಮ್ಮನವರು ತಮ್ಮ ಸೋದರಸೊಸೆಯ ಬಾಣಂತನಕ್ಕೆಂದು ಅರಸೀಕೆರೆಗೆ ಹೊರಟು ನಿಂತರು. ಆಟೋದಲ್ಲಿ ಒಂದು ಕಾಲಿಟ್ಟು, ಇನ್ನೊಂದು ಕಾಲನ್ನು ನೆಲದಲ್ಲೇ ಉಳಿಸಿಕೊಂಡು, ಅವರು ಹೇಳಿದ ಮಾತು ಇದು:

“ರೀ, ಅಡುಗೆ ಹೇಗಾದ್ರೂ ಮಾಡ್ಕೊಳ್ಳಿ, ನಂಗೆ ಚಿಂತೆ ಇಲ್ಲ. ಅಮ್ಮನ ದಾಸವಾಳ ಒಂದು ಜೋಪಾನ. ಗೌರಿ ಹಬ್ಬಕ್ಕೆ ಒಂದೇ ಒಂದು ಹೂವಾದ್ರೂ ಬೇಕು ನಂಗೆ.”

“ಗೊತ್ತು ಬಿಡೇ. ನೀನು ಹತ್ತು, ಮೀಟರ್ ಓಡ್ತಿದೆ,” ಎಂದರು ಮೀಟರುಗಳನ್ನು ಬಲ್ಲ ಮಹನೀಯರು.

ಈ ಒಂದು ಹೂವಿನ ಬೆಲೆಯನ್ನು ಓದುಗರು ತಿಳಿದಿರಬೇಕು. ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳಿಗೆ ತವರಿನಿಂದ ಬಾಗಿನ ಬರಬೇಕು. ಭಾಗೀರಥಮ್ಮನವರಿಗೆ ಅಣ್ಣತಮ್ಮಂದಿರು ಉಳಿದಿಲ್ಲ. ನಂಜನಗೂಡಿನ ತಾಯಿಮನೆ ಮಾರಾಟವಾಗಿ, ನೆಲಸಮವಾಗಿ, ಈಗ ಅಲ್ಲಿ ಒಂದು ಕಲ್ಯಾಣಮಂಟಪದವರು ಕಾರು ನಿಲ್ಲಿಸುತ್ತಾರೆ. ಹಿತ್ತಲಿನ ಕೆಂಪು ದಾಸವಾಳದ ಒಂದು ಕಡ್ಡಿಯನ್ನು ಅವರು ಮನೆ ಕೆಡವುವ ಮೊದಲೇ ಮುರಿದು ತಂದಿದ್ದರು. ಅಂದಿನಿಂದ ಪ್ರತಿ ವರ್ಷ ಗೌರಿಯ ದಿನ ಆ ಗಿಡದ ಹೂವೊಂದನ್ನು ಮೊರದಲ್ಲಿಟ್ಟುಕೊಂಡು, “ನೋಡಿ, ತವರಿಂದ ಬಾಗಿನ ಬಂತು” ಅನ್ನುತ್ತಾರೆ. ನಗುತ್ತಲೇ ಅನ್ನುತ್ತಾರೆ. ಆದರೆ ಹೂವು ಮೊರಕ್ಕೆ ಬರುವವರೆಗೆ ಕಾಫಿ ಕುಡಿಯುವುದಿಲ್ಲ.

ಬಾಲ್ಕನಿಯ ನಡುವೆ, ನೀಲಿ ಬಳ್ಳಿಗಳ ಚಿತ್ರವಿದ್ದ ಪಿಂಗಾಣಿ ಕುಂಡದಲ್ಲಿ, ಸಿಂಹಾಸನಾರೂಢವಾದ ರಾಣಿಯಂತೆ ದಾಸವಾಳವೊಂದು ವಿರಾಜಮಾನವಾಗಿತ್ತು. ಶಿತಿಕಂಠಯ್ಯನವರು ಅದಕ್ಕೆ ನೀರೆರೆದು, ಎದುರಿಗೆ ಬೆತ್ತದ ಕುರ್ಚಿ ಎಳೆದುಕೊಂಡು, ಪೇಪರು ಬಿಡಿಸಿ ಕಾವಲು ಕೂತರು.

ಶತ್ರು ಬಂದದ್ದು ಬಿಳಿಯುಡುಗೆಯಲ್ಲಿ. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಸಂದುಸಂದುಗಳಲ್ಲಿ, ಯಾರೋ ಹತ್ತಿಯ ಚೂರನ್ನು ಹಿಂಜಿ ಸಿಕ್ಕಿಸಿಟ್ಟ ಹಾಗೆ, ಬೆಳ್ಳನೆಯ ಪುಡಿಗೂಡುಗಳು ಕಾಣಿಸಿಕೊಂಡವು. ಮೊದಲು ನೋಡಿದವರು ಮೇಲಿನ ಮಹಡಿಯ ಲೋಲಾಕ್ಷಿ. ಒಣಗಿದ ಬಟ್ಟೆ ತೆಗೆಯುತ್ತ ಬಗ್ಗಿ ನೋಡಿದವರು ಅಲ್ಲಿಂದಲೇ ಕೂಗಿದರು:

“ಅಂಕಲ್! ನಿಮ್ಮ ಗಿಡದಲ್ಲಿ ವಿಭೂತಿ ಉದುರ್ತಿದೆ!”

“ವಿಭೂತಿನಾ?”

“ಶ್ರಾವಣ ಮಾಸ ಅಂಕಲ್, ದಿನಾ ಅಭಿಷೇಕ ಮಾಡ್ತೀರಿ. ದೇವರು ಒಲಿದಿದಾನೆ! ತಡೀರಿ, ಮುಟ್ಬೇಡಿ, ಬಂದೆ!”

ಲೋಲಾಕ್ಷಿ ಚಪ್ಪಲಿ ಬಿಟ್ಟು ಬಾಲ್ಕನಿಯೊಳಗೆ ಬಂದು, ಕಣ್ಣು ಮುಚ್ಚಿ, ಕಾಂಡದಿಂದ ಒಂದು ಚಿಟಿಕೆ ಪ್ರಸಾದವನ್ನು ತೆಗೆದು ಹಣೆಗಿಟ್ಟುಕೊಂಡರು. ಕ್ಷಣಕಾಲ ಮೂರು ಲೋಕಗಳೂ ಸ್ತಬ್ಧವಾದವು. ಆಮೇಲೆ ವಿಭೂತಿಯು ಹುಬ್ಬಿನ ಕಡೆಗೆ ನಡೆಯಿತು.

ಆಗ ಎದ್ದ ಚೀತ್ಕಾರಕ್ಕೆ ಎದುರುಮನೆಯ ಟ್ಯಾಂಕಿನ ಮೇಲಿದ್ದ ಪಾರಿವಾಳಗಳು ಏಕಕಾಲದಲ್ಲಿ ಹಾರಿದವು. ನೆಲಮಹಡಿಯಿಂದ ಸುಬೇದಾರ್ ಕುಶಾಲಪ್ಪನವರು ಏರಿ ಬಂದರು. ಸೈನ್ಯದಿಂದ ನಿವೃತ್ತರಾಗಿ, ಕೊಡಗಿನ ತಮ್ಮ ಕಾಫಿ ತೋಟವನ್ನು ಮಗನಿಗೆ ಬಿಟ್ಟು, ಮೈಸೂರಿನಲ್ಲಿ ಯುದ್ಧವಿಲ್ಲದೆ ಬೇಸರಗೊಂಡಿದ್ದ ಧೀರರು ಅವರು.

“ಎಂಥ ಆಯ್ತು ಅಯ್ಯನವರೇ? ಕಳ್ಳರಾ?”

“ಹುಳ ಸುಬೇದಾರ್ರೇ, ಹುಳ.”

“ಯಾವ ಹುಳ?”

ಅದೇ ಪ್ರಶ್ನೆ. ಶತ್ರುವಿನ ಕುಲಗೋತ್ರ ತಿಳಿಯದೆ ಬಾಣ ಹೂಡುವವನು ಮೂರ್ಖ. ಶಿತಿಕಂಠಯ್ಯನವರು ಪೂಜಾಗೃಹದಿಂದ ಪಂಚಾಂಗ ನೋಡುವ ಭೂತಗನ್ನಡಿಯನ್ನೂ, ಹಳೆಯ ಪೇಪರುಗಳ ರಾಶಿಯಿಂದ ಕೀಟಗಳ ಪಾಠವಿದ್ದ ಕೃಷಿ ಪುರವಣಿಯನ್ನೂ ತಂದರು. ಮೀಟರಿನ ಒಂದೊಂದು ಹಲ್ಲನ್ನು ಎಣಿಸಿದ ಆ ಕಣ್ಣು ಈಗ ಎಲೆಯ ಅಡಿಯನ್ನು ಹೊಕ್ಕಿತು. ಎಳೆಕುಡಿಗಳಲ್ಲಿ ಹಸಿರು ಮುದ್ದೆಯಾಗಿ ಕೂರುವ ಸಸ್ಯಹೇನುಗಳ ವಂಶವೋ? ಅಲ್ಲ, ಕುಡಿಗಳು ಬರಿದಾಗಿದ್ದವು. ಗಿಡ ಅಲುಗಿಸಿದರೆ ಹೊಗೆಯಂತೆ ಏಳುವ ಬಿಳಿನೊಣಗಳೋ? ಅಲುಗಿಸಿದರು, ಎದ್ದದ್ದು ಲೋಲಾಕ್ಷಿ ಮಾತ್ರ, ಕುರ್ಚಿಯಿಂದ. ಕಣ್ಣಿಗೆ ಬೀಳದಂತೆ ಬಲೆ ನೇಯುವ ನುಸಿಗಳೋ? ಬಿಳಿಯ ಹಾಳೆ ಹಿಡಿದು ಎಲೆಯನ್ನು ತಟ್ಟಿದರು. ನುಸಿಯಿದ್ದರೆ ಹಾಳೆಯ ಮೇಲೆ ಚುಕ್ಕಿಗಳು ಹರಿದಾಡಬೇಕಿತ್ತು, ಹರಿದಾಡಲಿಲ್ಲ. ಬೇಳೆಯ ಸಿಪ್ಪೆ ಅಂಟಿಸಿದ ಹಾಗೆ ಕಾಂಡಕ್ಕೆ ಕಚ್ಚಿ ಕೂರುವ ಶಲ್ಕಕೀಟಗಳೋ? ಆ ಚಿಪ್ಪು ಇಲ್ಲಿರಲಿಲ್ಲ. ಇದ್ದದ್ದು ಹತ್ತಿಗೂಡು, ಅದರೊಳಗೆ ಅಕ್ಕಿನುಚ್ಚಿನಷ್ಟು ಸಣ್ಣ, ಮೈಗೆ ಹಿಟ್ಟು ಬಳಿದುಕೊಂಡ, ಅತಿ ನಿಧಾನವಾಗಿ ಚಲಿಸುವ ಜೀವ. ಕಡ್ಡಿಯಿಂದ ಒತ್ತಿದರೆ ನಸುಗೆಂಪು ರಸ. ಕೆಳಗಿನ ಎಲೆಗಳ ಮೇಲೆ ಬೆರಳಿಟ್ಟರೆ ಜೋನಿಬೆಲ್ಲದ ಅಂಟು.

“ಹಿಟ್ಟುತಿಗಣೆ,” ಎಂದು ಶಿತಿಕಂಠಯ್ಯನವರು ಘೋಷಿಸಿದರು.

“ನಾನು ಮುಖ ತೊಳ್ಕೊಂಡ್ ಬರ್ತೀನಿ,” ಎಂದು ಲೋಲಾಕ್ಷಿ ಮಹಡಿ ಹತ್ತಿದರು.

ಕುಶಾಲಪ್ಪನವರ ಕಣ್ಣುಗಳು ಹೊಳೆದವು. ಅವರು ಕೆಳಗಿಳಿದು ಹೋಗಿ, ಧೂಳು ಹಿಡಿದ ಕಂದುಬಣ್ಣದ ಬಾಟಲಿಯೊಂದನ್ನು ಎರಡೂ ಕೈಗಳಲ್ಲಿ ಹಿಡಿದು ತಂದರು.

“ತೋಟದ್ದು ಇದು. ಒಂದು ಹನಿ ಸಾಕು. ಹುಳ ಅಲ್ಲ, ಹುಳದ ಅಜ್ಜನೂ ಸಾಯ್ತದೆ.”

“ಲೇಬಲ್ ಎಲ್ಲಿ?”

“ಅದು ಹೋಗಿ ಎಷ್ಟೋ ಕಾಲ ಆಯ್ತು.”

“ಮತ್ತೆ ಇದೇನು ಔಷಧಿ?”

“ಅದು ಗೊತ್ತಿದ್ರೆ ಲೇಬಲ್ ಯಾಕೆ ಬೇಕು ಮಾರಾಯ್ರೇ?”

ಆಗ ಶಿತಿಕಂಠಯ್ಯನವರು ಬಲಗೈಯನ್ನು ಮುಂದೆ ಚಾಚಿ ಆಡಿದ ಮಾತು ಬಾಲ್ಕನಿಗಳ ಇತಿಹಾಸದಲ್ಲಿ ಉಳಿಯತಕ್ಕದ್ದು. “ಸುಬೇದಾರರೇ! ನಾಮಗೋತ್ರರಹಿತವಾದ ಅಸ್ತ್ರವನ್ನು ಈ ಶಿತಿಕಂಠ ಪ್ರಯೋಗಿಸತಕ್ಕವನಲ್ಲ. ಅಡುಗೆಮನೆಯ ಕಿಟಕಿ ಇಲ್ಲೇ ಎರಡು ಮೊಳ ದೂರದಲ್ಲಿದೆ. ನಾಳೆ ಹುಳವೂ ಇಲ್ಲ, ಹುಳಿಯೂ ಇಲ್ಲ, ಹುಳಿ ತಿಂದವನೂ ಇಲ್ಲ ಎಂದಾಗಬಾರದು. ಧರ್ಮಯುದ್ಧವನ್ನೇ ಮಾಡುತ್ತೇನೆ!”

“ಹಾಗಾದ್ರೆ ಇದನ್ನ ಏನು ಮಾಡ್ಲಿ?”

“ಮಕ್ಕಳ ಕೈಗೆ ಸಿಗದ ಕಡೆ ಇಡಿ. ನಿಮ್ಮ ಕೈಗೂ ಸಿಗದಿದ್ರೆ ಒಳ್ಳೇದು.”

ಮರುದಿನ ಸಂಜೆ, ಸೂರ್ಯನು ಟ್ಯಾಂಕಿನ ಹಿಂದೆ ಸರಿದ ಮೇಲೆ, ಮಹಾಸಮರ ಆರಂಭವಾಯಿತು. ಸಂಜೆಯೇ ಏಕೆಂದರೆ, ಎಣ್ಣೆ ಸಿಂಪಡಿಸಿದ ಎಲೆಗೆ ಬಿಸಿಲು ಬಿದ್ದರೆ ಸುಟ್ಟ ಕಲೆಯಾಗುತ್ತದೆ. ಮೊದಲು ರಣಾಂಗಣದ ಸಿದ್ಧತೆ. ರೋಗ ತಗುಲಿದ ಗಿಡವನ್ನು ಬೇರೆ ಮಾಡಬೇಕೆಂಬ ಯುದ್ಧನೀತಿಯಂತೆ, ಶಿತಿಕಂಠಯ್ಯನವರು ಕರಿಬೇವು, ದೊಡ್ಡಪತ್ರೆ ಮತ್ತು ಒಂದಷ್ಟು ಕಡ್ಡಿ ನೆಟ್ಟಿದ್ದ ಒಡಕು ಬಕೆಟ್ಟು, ಇವೆಲ್ಲವನ್ನೂ ಬಾಲ್ಕನಿಯ ಆಚೆ ತುದಿಗೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕಕ್ಕೆ ನೂಕಿದರು. ನೆಲ ಒರೆಸುವ ಬಟ್ಟೆಯನ್ನು ಒಣಗಲೆಂದು ಬಕೆಟ್ಟಿನ ಕಡ್ಡಿಗಳ ಮೇಲೆ ಹರವಿದರು; ಅಂದಿನಿಂದ ಆ ಬಟ್ಟೆ ಒಣಗುವ ಜಾಗ ಅದೇ ಆಯಿತು. ಆಮೇಲೆ ಆಯುಧಗಳು: ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯ ಕಡ್ಡಿ, ನೀರಿನ ಪಿಚಕಾರಿ, ಒಂದು ಲೀಟರ್ ಉಗುರುಬೆಚ್ಚನೆ ನೀರಿಗೆ ಒಂದು ಟೀ ಚಮಚ ಬೇವಿನೆಣ್ಣೆ, ಎಣ್ಣೆ ನೀರಿನಲ್ಲಿ ಬೆರೆಯಲೆಂದು ಪಾತ್ರೆ ತೊಳೆಯುವ ಸೋಪಿನ ಕೆಲವು ಹನಿ.

“ಎಲೈ ಧವಳಾಂಬರಧಾರಿಗಳಾದ ಶಾಖಾಸಂಧಿಚೋರರಿರಾ!” ಎಂದು ನಮ್ಮ ವೀರರು ಗರ್ಜಿಸಿದರು. “ಪರರ ತವರನ್ನು ಹೀರಿ ಕೊಬ್ಬಿದ ಪಿಷ್ಟಲೇಪಿತಕುಕ್ಷಿಗಳಿರಾ! ನಿಂತ ಮೀಟರುಗಳನ್ನು ಮೂವತ್ತು ವರ್ಷ ಓಡಿಸಿದ ಈ ಕೈ, ಓಡಲಾರದ ನಿಮ್ಮನ್ನು ಬಿಟ್ಟೀತೇ? ಬನ್ನಿ! ಒಬ್ಬೊಬ್ಬರಾಗಿ ಬನ್ನಿ!”

ಮೇಲಿನಿಂದ ಲೋಲಾಕ್ಷಿಯ ದನಿ: “ಯಾರ ಹತ್ರ ಅಂಕಲ್ ಮಾತಾಡ್ತಿರೋದು?”

“ಯಾರಿಲ್ಲ ಕಣಮ್ಮ. ಗಿಡಕ್ಕೆ ನೀರು ಹಾಕ್ತಿದೀನಿ.”

ಮೊದಲು ಒಂದೇ ಎಲೆಯ ಮೇಲೆ ಸ್ಪಿರಿಟ್ಟಿನ ಪರೀಕ್ಷೆಯಾಯಿತು; ಎಲೆ ಬಾಡಲಿಲ್ಲ. ಆಮೇಲೆ ಸಂದುಸಂದಿನಲ್ಲೂ ಹತ್ತಿ ಆಡಿತು. ಬಿಳಿಯುಡುಗೆ ಕರಗಿ ಕಂದುಬಣ್ಣದ ಹೆಣಗಳು ಉದುರಿದವು. ಪಿಚಕಾರಿಯ ಧಾರೆಗೆ ಅಳಿದುಳಿದ ದಂಡು ಕೊಚ್ಚಿಹೋಯಿತು. ಬೇವಿನ ನೀರು ಎಲೆಯ ಬೆನ್ನನ್ನೂ ಹೊಟ್ಟೆಯನ್ನೂ ತೋಯಿಸಿತು. ಕತ್ತಲಾಗುವ ಹೊತ್ತಿಗೆ ಗಿಡ ನಿರ್ಮಲವಾಗಿ ನಿಂತಿತ್ತು. ಶಿತಿಕಂಠಯ್ಯನವರಿಂದ ಬೇವಿನೆಣ್ಣೆಯ ವಾಸನೆ ಬರುತ್ತಿತ್ತು. ಅರಸೀಕೆರೆಯಿಂದ ಫೋನು ಬಂತು.

“ಅಮ್ಮನ ಗಿಡ ಹೇಗಿದೆ ರೀ?”

“ದಿವ್ಯವಾಗಿದೆ.”

“ಮೊಗ್ಗು?”

“ಯೋಚನೆ ಮಾಡ್ತಿದೆ.”

ಒಂದು ವಾರ ಶಾಂತಿ ನೆಲೆಸಿತು. ಆಮೇಲೆ ಹತ್ತಿಗೂಡುಗಳು ಮತ್ತೆ ಹುಟ್ಟಿಕೊಂಡವು. ಇದರಲ್ಲಿ ಮಾಯೆಯೇನೂ ಇಲ್ಲ; ಮೊಟ್ಟೆಗಳು ಮೊದಲ ಸಿಂಪಡಣೆಗೆ ಬಗ್ಗುವುದಿಲ್ಲ, ಮರಿಗಳು ಹೊರಬಂದಂತೆ ಮತ್ತೆ ಮತ್ತೆ ಹೊಡೆಯಬೇಕು. ಶಿತಿಕಂಠಯ್ಯನವರು ಹೊಡೆದರು. ಆದರೆ ಈ ಸಲ ಬಂದದ್ದು ಮರಿಗಳ ಲೆಕ್ಕವನ್ನೂ ಮೀರಿದ ಸೈನ್ಯ. ಎಷ್ಟು ಕೊಂದರೂ ಮರುದಿನ ಅಷ್ಟೇ ಇರುತ್ತಿತ್ತು. ಎಲೆಗಳು ಮುದುರಿದವು. ಅಂಟಿನ ಮೇಲೆ ಕಪ್ಪು ಬೂಷ್ಟು ಕಾಡಿಗೆಯಂತೆ ಹರಡಿತು. ಮೊಗ್ಗು ಯೋಚನೆಯನ್ನೂ ನಿಲ್ಲಿಸಿತು.

ಹಬ್ಬ ಹತ್ತಿರ ಬರುತ್ತಿತ್ತು. ಪುರುಷಪ್ರಯತ್ನ ಸೋತಲ್ಲಿ ದೈವಸಹಾಯ ಬೇಕು. ಶಿತಿಕಂಠಯ್ಯನವರು ಗಣಪತಿಗೆ ಹರಕೆ ಹೊತ್ತರು: ಹೂವು ಬಿಡುವವರೆಗೆ ನಿತ್ಯದ ಅಭಿಷೇಕಕ್ಕೆ ಇಮ್ಮಡಿ ಪಂಚಾಮೃತ. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ ಎಲ್ಲವೂ ಎರಡರಷ್ಟು, ಮೇಲೆ ಒಂದು ರಸಬಾಳೆ. ದೇವರ ಅಭಿಷೇಕದ ತೀರ್ಥವನ್ನು ಯಾರೂ ತುಳಿಯುವಲ್ಲಿ ಚೆಲ್ಲುವಂತಿಲ್ಲ. ಭಾಗೀರಥಮ್ಮನವರಿದ್ದಾಗ ಅದು ಕೆಳಗಿನ ತೆಂಗಿನ ಮರದ ಬುಡಕ್ಕೆ ಹೋಗುತ್ತಿತ್ತು. ಎಡ ಮೊಣಕಾಲಿನ ಸಲಹೆಯ ಮೇರೆಗೆ ಶಿತಿಕಂಠಯ್ಯನವರು ಈ ಪದ್ಧತಿಗೆ ಸಣ್ಣದೊಂದು ತಿದ್ದುಪಡಿ ತಂದು, ಅವರು ಊರಿಗೆ ಹೋದ ದಿನದಿಂದ ತೀರ್ಥವನ್ನು ಪಿಂಗಾಣಿ ಕುಂಡಕ್ಕೇ ಸುರಿಯುತ್ತಿದ್ದರು. ಮೆಟ್ಟಿಲೂ ತಪ್ಪಿತು, ಗಿಡಕ್ಕೆ ಪುಷ್ಟಿಯೂ ಆಯಿತು, ಕೃಪೆಯೂ ಸಿಕ್ಕಿತು. ಒಂದೇ ಚೊಂಬಿಗೆ ಮೂರು ಲಾಭ.

ದೈವವು ಬೇಗನೆ ಸ್ಪಂದಿಸಿದಂತೆ ಕಂಡಿತು. ಕಾಂಡದ ಉದ್ದಕ್ಕೂ ಕಪ್ಪಿರುವೆಗಳ ಸಾಲು ಏರತೊಡಗಿತು.

“ಇರುವೆ ಹುಳ ತಿನ್ನುತ್ತೆ ಸುಬೇದಾರ್ರೇ,” ಎಂದು ನಮ್ಮ ವೀರರು ಉಲ್ಲಾಸದಿಂದ ಸಾರಿದರು. “ನೋಡಿ, ಹೇಗೆ ಸಾಲಾಗಿ ನುಗ್ತಿವೆ! ಮಿತ್ರಪಡೆ!”

“ಶಿಸ್ತು ಉಂಟು,” ಎಂದು ಕುಶಾಲಪ್ಪನವರು ಒಪ್ಪಿದರು. “ಹೆಜ್ಜೆ ಸರಿ ಇದೆ.”

ಇಬ್ಬರೂ ಕುರ್ಚಿ ಹಾಕಿಕೊಂಡು, ಕಾಫಿ ಹೀರುತ್ತ, ಮಿತ್ರಪಡೆಯ ಪಥಸಂಚಲನವನ್ನು ವೀಕ್ಷಿಸಿದರು. ಇರುವೆಗಳಿಗೆ ತೊಂದರೆಯಾಗದಿರಲೆಂದು ಬೇವಿನೆಣ್ಣೆಯನ್ನೂ ನಿಲ್ಲಿಸಲಾಯಿತು. ಸುಬೇದಾರರು ಒಮ್ಮೆ ಎದ್ದು ನಿಂತು ವಂದನೆಯನ್ನೂ ಸ್ವೀಕರಿಸಿದರೆಂದು ಲೋಲಾಕ್ಷಿ ಹೇಳುತ್ತಾರೆ. ಇದನ್ನು ಸುಬೇದಾರರು ಅಲ್ಲಗಳೆದಿದ್ದಾರೆ.

ಹುಳಗಳು ಮಾತ್ರ ಇಮ್ಮಡಿಯಾದವು.

ಹಬ್ಬಕ್ಕೆ ಎರಡು ದಿನ ಉಳಿದಿರುವಾಗ ಶಿತಿಕಂಠಯ್ಯನವರು ಭೂತಗನ್ನಡಿ ಹಿಡಿದು, ಮಿತ್ರರ ಪರಾಕ್ರಮವನ್ನು ಹತ್ತಿರದಿಂದ ನೋಡಲು ಬಗ್ಗಿದರು. ಒಂದು ಇರುವೆ ಒಂದು ತಿಗಣೆಯ ಬಳಿ ಬಂತು. ಕಚ್ಚಲಿಲ್ಲ. ಮೀಸೆಗಳಿಂದ ಅದರ ಬೆನ್ನನ್ನು, ಹಸುವಿನ ಮೈ ಸವರುವ ಹಾಗೆ, ಮೆಲ್ಲಗೆ ತಟ್ಟಿತು. ತಿಗಣೆಯ ಹಿಂಬದಿಯಿಂದ ಒಂದು ಹನಿ ಸಿಹಿರಸ ಒಸರಿತು. ಇರುವೆ ಅದನ್ನು ಕುಡಿಯಿತು. ಕುಡಿದು ಮುಂದಿನ ತಿಗಣೆಯನ್ನು ತಟ್ಟಿತು. ಅಷ್ಟರಲ್ಲಿ ಗುಲಗಂಜಿ ಹುಳುವೊಂದು, ನಿಜವಾಗಿ ತಿಗಣೆ ತಿನ್ನಲು ಬಂದದ್ದು, ಎಲೆಯ ಮೇಲಿಳಿಯಿತು. ಮಿತ್ರಪಡೆ ಒಟ್ಟಾಗಿ ಮೇಲೆ ಬಿದ್ದು ಅದನ್ನು ಓಡಿಸಿತು.

“ದನ ಕಾಯ್ತಿವೆ,” ಎಂದರು ಶಿತಿಕಂಠಯ್ಯನವರು, ಬರಿದಾದ ದನಿಯಲ್ಲಿ. “ಸುಬೇದಾರ್ರೇ, ಇವು ಹಾಲು ಕರೀತಿವೆ.”

“ಎಲ್ಲಿಂದ ಬಂದ್ವು ಇಷ್ಟು?”

ಗಾಜು ಸಾಲಿನ ಹಿಂದೆ ಹಿಂದೆ ಇಳಿಯಿತು. ಕಾಂಡ ಇಳಿಯಿತು, ಕುಂಡದ ಮಣ್ಣಿಗೆ ಬಂದು ನಿಂತಿತು. ಮಣ್ಣು ಹೊಳೆಯುತ್ತಿತ್ತು. ಜೇನು ಹೊಳೆಯುತ್ತಿತ್ತು, ತುಪ್ಪ ಹೊಳೆಯುತ್ತಿತ್ತು. ರಸಬಾಳೆಯ ತುಣುಕೊಂದರ ಸುತ್ತ ಶತ್ರುರಾಜ್ಯದ ರಾಜಧಾನಿಯೇ ನೆಲೆಸಿತ್ತು. ಒಂದು ಸೈನ್ಯದೊಡನೆ ಹೋರಾಡುತ್ತ, ಅದರ ಗೊಲ್ಲರಿಗೆ ಪ್ರತಿದಿನ ಬೆಳಿಗ್ಗೆ ಸ್ನಾನ ಮಾಡಿ, ಮಡಿಯುಟ್ಟು, ಮಂತ್ರ ಹೇಳಿ ಊಟ ಬಡಿಸಿದ ಸೇನಾಪತಿ ಭೂಮಂಡಲದಲ್ಲಿ ಇವರೊಬ್ಬರೇ ಇದ್ದಾರು.

ಶಿತಿಕಂಠಯ್ಯನವರು ಕುರ್ಚಿಯಲ್ಲಿ ಕುಸಿದರು. “ನಾನೇ ಸುಬೇದಾರ್ರೇ. ನಾನೇ ಸಾಕಿದ್ದು. ಅವಳು ಒಂದೇ ಒಂದು ಹೂವು ಕೇಳಿದ್ಲು.”

ಸುಬೇದಾರರು ತಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, “ಅಂಗಡಿ ಹೂವು ಒಂದು ತಂದು ದಾರ ಕಟ್ಟಿ ಬಿಡೋಣವಾ?” ಎಂದು ಕೇಳಿದರು.

“ಬೇಡ. ಅದು ಅವಳ ಅಮ್ಮನ ಗಿಡ. ಮೋಸ ಆಗುತ್ತೆ.”

ಆ ಸಂಜೆ ಕೊನೆಯ ಯುದ್ಧ ನಡೆಯಿತು, ಗರ್ಜನೆ ಇರಲಿಲ್ಲ. ಮೇಲ್ಮಣ್ಣನ್ನು ಕೆರೆದು ತೆಗೆದು ಹೊಸ ಮಣ್ಣು ಹಾಕಿದರು. ಮುದುರಿದ ಕೊಂಬೆಗಳನ್ನು ಕತ್ತರಿಸಿ ಕವರಿಗೆ ಕಟ್ಟಿ ಕಸದ ಗಾಡಿಗೆ ಕೊಡಲು ಇಟ್ಟರು. ಅಗಲವಾದ ತಟ್ಟೆಗೆ ನೀರು ಹಾಕಿ, ನಡುವೆ ಇಟ್ಟಿಗೆಯಿಟ್ಟು, ಅದರ ಮೇಲೆ ಕುಂಡವನ್ನು ಎತ್ತಿಟ್ಟು, ಸುತ್ತ ಕಂದಕ ನಿರ್ಮಿಸಿದರು. ಇರುವೆ ಈಜಿ ಬರುವುದಿಲ್ಲ. ಮತ್ತೆ ಸ್ಪಿರಿಟ್ಟು, ಮತ್ತೆ ಬೇವು. ಕಣ್ಣಿಗೆ ಕಾಣುವ ಹುಳವೆಲ್ಲ ಹೋಯಿತು. ಗಿಡದಲ್ಲಿ ಉಳಿದದ್ದು ಕಾಂಡ, ಕೆಲವು ಎಲೆ ಮತ್ತು ಮರ್ಯಾದೆ.

ಗೌರಿಯ ಹಿಂದಿನ ದಿನ ಮಧ್ಯಾಹ್ನ ಆಟೋ ಬಂದು ನಿಂತಿತು. ಭಾಗೀರಥಮ್ಮನವರು ಚೀಲ ಇಳಿಸುವ ಮೊದಲೇ, ಬಾಗಿಲಲ್ಲಿ ನಿಂತಿದ್ದ ಪತಿಯ ಮುಖ ನೋಡಿದರು.

“ಯಾಕ್ರೀ ಹೀಗಿದೀರಾ? ಏನಾಯ್ತು?”

“ಬಾ ಭಾಗೂ. ಕೂತ್ಕೋ. ಮೊದಲು ನೀರು ಕುಡಿ.”

“ಯಾರಾದ್ರೂ ಹೋಗ್ಬಿಟ್ರಾ?”

“ನಿಮ್ಮಮ್ಮನ ದಾಸವಾಳ…” ಎಂದರು ಶಿತಿಕಂಠಯ್ಯನವರು. ಕೈ ಹಿಡಿದು ಕರೆದುಕೊಂಡು ಹೋಗಿ, ಕಂದಕದ ನಡುವೆ ಇಟ್ಟಿಗೆಯ ಮೇಲೆ ಬೋಳಾಗಿ ನಿಂತಿದ್ದ ರಾಣಿಯನ್ನು ತೋರಿಸಿ, ತೀರ್ಥವನ್ನೂ ಇರುವೆಯನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದರು. ಮೇಲಿನ ಬಾಲ್ಕನಿಯಿಂದ ಲೋಲಾಕ್ಷಿಯೂ ಮೆಟ್ಟಿಲ ಮೇಲಿಂದ ಸುಬೇದಾರರೂ ನೋಡುತ್ತ ನಿಂತಿದ್ದರು.

ಭಾಗೀರಥಮ್ಮನವರು ಗಿಡವನ್ನು ನೋಡಿದರು. ಪತಿಯನ್ನು ನೋಡಿದರು. ಮತ್ತೆ ಗಿಡವನ್ನು ನೋಡಿದರು.

“ಇದಾ?”

“ಹ್ಞೂಂ.”

“ಇದು ಅಮ್ಮನ ಗಿಡ ಅಲ್ಲ ರೀ! ಇದು ಗಾಡಿಯವನ ಹತ್ರ ತೊಗೊಂಡಿದ್ದು. ಪಾಟು ಚೆನ್ನಾಗಿದೆ ಅಂತ, ಗಿಡ ಅದರ ಜೊತೆಗೆ ಬಂತು.”

ಮೇಲಿನ ಬಾಲ್ಕನಿಯಿಂದ ಲೋಲಾಕ್ಷಿ ಇನ್ನಷ್ಟು ಬಗ್ಗಿದರು.

“ಮತ್ತೆ… ಅಮ್ಮಂದು?”

“ಬಕೆಟ್‌ನಲ್ಲಿರೋದು! ಹಬ್ಬಕ್ಕೆ ಹೊಸ ಚಿಗುರಲ್ಲಿ ಹೂ ಬರ್ಲಿ ಅಂತ ಊರಿಗೆ ಹೋಗೋಕೆ ಮೊದ್ಲು ನಾನೇ ಕತ್ತರಿಸಿ ಹೋಗಿದ್ದೆ. ಇಷ್ಟು ವರ್ಷ ಅದರ ಪಕ್ಕದಲ್ಲೇ ಕೂತು ಪೇಪರ್ ಓದ್ತೀರಲ್ಲ, ಯಾವುದು ಅಂತ ಗೊತ್ತಿಲ್ವಾ? ಎಲ್ಲಿ ಬಕೆಟ್ಟು?”

ವೀರರು ಒಗೆಯುವ ಕಲ್ಲಿನ ಕಡೆ ಬೆರಳು ತೋರಿಸಿದರು. ಭಾಗೀರಥಮ್ಮನವರು ಅಲ್ಲಿಗೆ ಹೋಗಿ, ನಿಂತು, ಎರಡು ಬೆರಳಿನಿಂದ ನೆಲ ಒರೆಸುವ ಬಟ್ಟೆಯ ತುದಿ ಹಿಡಿದು ಎತ್ತಿದರು. ಅದರ ಅಡಿಯಲ್ಲಿ, ಯಾರೂ ನೋಡದೆ, ಯಾರೂ ರಕ್ಷಿಸದೆ, ಕರಿಬೇವಿನ ಜೊತೆಗೆ ಸಿಕ್ಕ ದಿನಕ್ಕೊಂದು ಚೊಂಬು ಬರೀ ನೀರು ಕುಡಿದು, ಕಡ್ಡಿಗಳೆಲ್ಲ ಚಿಗುರಿ ಗುಬುರಾಗಿದ್ದವು. ಎಲೆಯ ಹಿಂಬದಿಯನ್ನು ಅವರು ತಿರುಗಿಸಿ ನೋಡಿದರು. ಒಂದು ಬಿಳಿ ಚುಕ್ಕಿ ಇರಲಿಲ್ಲ. ತುದಿಯಲ್ಲಿ, ಬಟ್ಟೆಯ ಭಾರಕ್ಕೆ ಕೊಂಚ ಸೊಟ್ಟಗಾಗಿ, ನಾಳೆ ಬೆಳಿಗ್ಗೆ ಬಿರಿಯಲು ಸಿದ್ಧವಾದ ಕೆಂಪು ಮೊಗ್ಗೊಂದು ಇಣುಕುತ್ತಿತ್ತು.

ಭಾಗೀರಥಮ್ಮನವರು ಅದನ್ನು ಮುಟ್ಟಲಿಲ್ಲ. ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು. ಆಮೇಲೆ ತಿರುಗಿ, ಬೇವಿನೆಣ್ಣೆಯ ಪತಿಯನ್ನೂ ಕಂದಕವನ್ನೂ ನೋಡಿ, ಕಲ್ಲಿನ ಮೇಲೆ ಕೂತು ನಗತೊಡಗಿದರು. ನಗು ನಿಲ್ಲುವಂತೆ ಕಾಣಲಿಲ್ಲ. ಸುಬೇದಾರರು ಮೆಟ್ಟಿಲಿಳಿದು ಹೋದರು. ಯುದ್ಧ ಮುಗಿದಿತ್ತು, ಆದರೆ ಯಾವುದನ್ನು ಗೆದ್ದೆವೆಂದು ಅವರಿಗೆ ತಿಳಿಯಲಿಲ್ಲ.

ಗೌರಿಯ ಬೆಳಿಗ್ಗೆ ಹೂವು ಅರಳಿತು, ಸ್ವಲ್ಪ ಸೊಟ್ಟ. ಅದು ಮೊರವನ್ನು ಸೇರಿತು. “ನೋಡಿ, ತವರಿಂದ ಬಾಗಿನ ಬಂತು,” ಎಂದರು ಭಾಗೀರಥಮ್ಮನವರು, ಮತ್ತು ಕಾಫಿ ಕುಡಿದರು. ಪಿಂಗಾಣಿ ಕುಂಡದ ಬೋಳುರಾಣಿಯ ಒಂದು ಗಿಣ್ಣಿನಲ್ಲಿ ಸಾಸಿವೆಯಷ್ಟು ಹಸಿರು ಕಂಡಿತೆಂದು ಶಿತಿಕಂಠಯ್ಯನವರು ಭೂತಗನ್ನಡಿಯ ಸಾಕ್ಷಿಯೊಂದಿಗೆ ವರದಿ ಮಾಡಿದರು. ಪೂಜೆ ಮುಗಿದ ಮೇಲೆ ತೀರ್ಥದ ಚೊಂಬನ್ನು ತಂದು ಅವರ ಕೈಗಿಟ್ಟು, ಭಾಗೀರಥಮ್ಮನವರು ಒಂದೇ ಮಾತು ಹೇಳಿದರು:

“ಕೆಳಗೆ. ತೆಂಗಿನ ಮರಕ್ಕೆ.”

ಮಂದಗತಿಮಾಪಕಮರ್ದನ, ಪಿಷ್ಟಕೀಟಕುಲಾಂತಕ, ಶಿತಿಕಂಠಯ್ಯನವರು ಕಂಬಿ ಹಿಡಿದು, ಎಡಗಾಲನ್ನು ಮೊದಲು ಇಟ್ಟು, ಮೆಟ್ಟಿಲಿಳಿಯತೊಡಗಿದರು. ಚೊಂಬಿನ ಅಂಚಿನ ಮೇಲೆ ಒಂದು ಇರುವೆ ಕೂತಿತ್ತು. ಅದೂ ಜೊತೆಗೇ ಕೆಳಗೆ ಬಂತು.